ಹಿಂದಿನ ಗೋಡೆಯ ಸಂದಿ

ಕಾಕಾ,

ನೀವು ಇದ್ದಿದ್ದರೆ ಈ ಕಾಗದದ ಅಗತ್ಯವೇ ಇರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಬಂದು, ಕಾಕು ಮುಂದಿಟ್ಟ ಅವಲಕ್ಕಿ ತಿನ್ನುತ್ತ ಎಲ್ಲವನ್ನೂ ಬಾಯಿಂದಲೇ ಹೇಳಿಬಿಡುತ್ತಿದ್ದೆ. ಹೇಳುತ್ತಿದ್ದೆನೇ? ಅಷ್ಟೊಂದು ಭಾನುವಾರಗಳು ಬಂದು ಹೋದವು. ರಾಜಕಾರಣ ಮಾತಾಡಿದೆವು, ಓದಿದ ಪುಸ್ತಕಗಳ ಬಗ್ಗೆ ಜಗಳಾಡಿದೆವು, ಊರಿನ ಹೊಲದ ಬದುವಿನ ವ್ಯಾಜ್ಯವನ್ನು ಕೂತಲ್ಲೇ ಎಷ್ಟು ಸಲ ಬಗೆಹರಿಸಿದೆವೋ. ಒಂದು ಮಾತು ಮಾತ್ರ ನನ್ನ ಗಂಟಲು ದಾಟಲಿಲ್ಲ. ಅದನ್ನು ಇವತ್ತು ಬರೆಯುತ್ತೇನೆ. ನೀವು ಹೋದ ಮೇಲೆ ಹಿಂದಿನ ಗೋಡೆಯ ಹತ್ತಿರ ಏನೇನಾಯಿತು ಎಂಬುದನ್ನೂ ಬರೆಯುತ್ತೇನೆ.

ಹೋದ ವಾರ ಇಲ್ಲಿ ಪುಣೆಯಲ್ಲಿ ನಿಮ್ಮ ವಿದ್ಯಾಪೀಠದ ಹೊಸ ಪುಸ್ತಿಕೆಯೊಂದು ಕೈಗೆ ಬಂತು. ನುಣುಪು ಕಾಗದ, ಬಣ್ಣದ ಫೋಟೊಗಳು. ವಿದ್ಯಾಪೀಠ ಬೆಳೆದದ್ದರಿಂದ ಸುತ್ತಲಿನ ಪ್ರದೇಶಕ್ಕೂ ಸಮಾಜಕ್ಕೂ ಆದ ಲಾಭವೇನು ಎಂದು ಅದರಲ್ಲಿ ಒಂದು ಅಧ್ಯಾಯವೇ ಇದೆ. ದೌಂಡದಿಂದ ಬೆಳಗಿನ ಗಾಡಿಗೆ ಬಂದು ಕಲಿತು ಹೋದ ಹುಡುಗರು, ಇಲ್ಲಿ ಯಂತ್ರದ ಕೆಲಸ ಕಲಿತು ಚಾಕಣದ ಕಾರ್ಖಾನೆಗಳಿಗೆ ಸೇರಿದವರು, ಹಾಸ್ಟೆಲ್ಲುಗಳಿಗೆ ಕಾಯಿಪಲ್ಲೆ ತಂದು ಹಾಕುವ ಹಳ್ಳಿಗಳು, ಊರೂರಿಗೆ ಹೋಗಿ ಬಾವಿಯ ನೀರು ಪರೀಕ್ಷೆ ಮಾಡಿದ ಪ್ರಾಧ್ಯಾಪಕರು. ಯಾವುದೂ ಸುಳ್ಳಲ್ಲ ಕಾಕಾ. ನಮ್ಮ ರೈಲ್ವೆ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನೇ ದೌಂಡದ ಗ್ಯಾಂಗಮನ್ ಒಬ್ಬನ ಮಗ; ವಿದ್ಯಾಪೀಠ ಇಲ್ಲದಿದ್ದರೆ ಅವನೂ ಸುತ್ತಿಗೆ ಹಿಡಿದು ಹಳಿಯ ಮೇಲೆ ನಡೆಯುತ್ತಿದ್ದ. ಆದರೆ ಆ ಅಧ್ಯಾಯದ ಪ್ರಕಾರ ಲಾಭವೆಂಬುದು ಕೆರೆಯ ತೂಬಿನ ನೀರಿನ ಹಾಗೆ ಒಂದೇ ದಿಕ್ಕಿಗೆ ಹರಿಯುತ್ತದೆ. ಒಳಗಿನವರು ಕೊಟ್ಟರು, ಹೊರಗಿನವರು ಕೈಯೊಡ್ಡಿದರು. ಆ ಕಟ್ಟಡಗಳಿಗೆ ಕಲ್ಲು ಹೊತ್ತವರು ಯಾರು? ಆ ಹುಡುಗರಿಗೆ ಅನ್ನ ಹಾಕಿದವರು ಯಾರು? ಹಿಂದಿನ ಗೋಡೆಯ ಬಗ್ಗೆ ಒಂದೇ ಒಂದು ಅಕ್ಷರವಿಲ್ಲ. ಓದಿ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಏನು ಮಾಡುತ್ತೇನೆ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪುಸ್ತಕ ತುಂಬಿದ ಟ್ರಂಕು ಹೊತ್ತು ನಾನು ಜಮಖಂಡಿಯಿಂದ ನಿಮ್ಮ ಕ್ವಾರ್ಟರ್ಸಿಗೆ ಬಂದಿಳಿದ ದಿನ ನೆನಪಾಗುತ್ತದೆ. ವಿದ್ಯಾಪೀಠದ ಓವರಸಿಯರ್ ಅಂದರೆ ಇಸ್ತ್ರಿ ಅಂಗಿಯ ದೊಡ್ಡ ಸಾಹೇಬರು ಎಂದುಕೊಂಡಿದ್ದೆ. ನೀವು ಮೊಣಕಾಲಿನ ತನಕ ಧೂಳು ಮೆತ್ತಿಕೊಂಡು ಎದುರಿಗೆ ನಿಂತಿದ್ದಿರಿ. "ಬಾ ತಮ್ಮಾ, ವಿದ್ಯಾಪೀಠ ತೋರಸ್ತೀನಿ" ಎಂದು ಕರೆದುಕೊಂಡು ಹೋಗಿ, ತೋರಿಸಿದ್ದು ಕುರುಚಲು ಗುಡ್ಡ. ಕೋಲು ಚಾಚಿ, "ಇಲ್ಲಿ ರಸಾಯನಶಾಸ್ತ್ರ. ಅಲ್ಲಿ ಗ್ರಂಥಾಲಯ. ಆ ಬೇವಿನ ಗಿಡದ ಆಚೆ ಹುಡುಗೂರ ಹಾಸ್ಟೆಲ್" ಅಂದಿರಿ. ನನಗೆ ಕಂಡದ್ದು ಒಂದು ಆಡು. "ಕಾಕಾ, ನಿಮ್ಮ ರಸಾಯನಶಾಸ್ತ್ರ ತಪ್ಪಲ ತಿನ್ನಾಕತ್ತದಲ್ರಿ" ಅಂದೆ. ನೀವು ನಕ್ಕು ಕೆಮ್ಮಿದಿರಿ. ಆಮೇಲೆ ಹೇಳಿದಿರಿ: "ತಿನ್ನಲಿ ಬಿಡಪಾ. ಜಾಗಾ ಮದಲ ಅದರದ."

ಕೆಲಸ ಶುರುವಾದ ವರ್ಷ ಯಾದಗಿರಿ, ಸುರಪುರದ ಕಡೆಯಿಂದ ಗವಂಡಿಗಳೂ ಕೂಲಿಯವರೂ ಸಂಸಾರ ಸಮೇತ ಬಂದರು. ಗುಡ್ಡದ ಹಿಂಬದಿಗೆ ತಗಡಿನ ಮನೆಗಳು ಎದ್ದವು. ಮರಾಠಿ ಮಂದಿ ಅದಕ್ಕೆ 'ಕಾನಡಿ ವಸ್ತಿ' ಎಂದು ಹೆಸರಿಟ್ಟರು. ನೀವು ಆಫೀಸಿನಲ್ಲಿ ಮರಾಠಿ, ಕೆಲಸದ ಜಾಗದಲ್ಲಿ ಕನ್ನಡ. ಕಲ್ಲು ಕೆತ್ತುವ ಸಾಬಣ್ಣ ನಿಮ್ಮನ್ನು ಮೊದಲ ದಿನ ಮರಾಠಿಯಲ್ಲಿ ಏನೋ ಕೇಳಿ ತಡವರಿಸಿದಾಗ, "ಕನ್ನಡದಾಗ ಹೇಳೋ ಮಾರಾಯಾ, ನಾನೇನು ಪೇಶವೆ ಅಲ್ಲ" ಅಂದದ್ದನ್ನು ವಸ್ತಿಯ ಜನ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು. ರಸಾಯನಶಾಸ್ತ್ರ ಎದ್ದಿತು, ಗ್ರಂಥಾಲಯ ಎದ್ದಿತು, ಬೇವಿನ ಗಿಡದ ಆಚೆ ಹಾಸ್ಟೆಲ್ಲುಗಳು ಎದ್ದವು. ಒಂದು ಕಟ್ಟಡ ಮುಗಿಯುವುದರೊಳಗೆ ಇನ್ನೊಂದು ಶುರುವಾಗುತ್ತಿತ್ತು. ಹಾಗಾಗಿ ಜನ ಊರಿಗೆ ಮರಳಲಿಲ್ಲ.

ರೊಟ್ಟಿ ಬಡಿಯುವ ಸಪ್ಪಳದಿಂದಲೇ ಎಲ್ಲ ಶುರುವಾಯಿತು ಎಂದು ನೀವು ಹೇಳುತ್ತಿದ್ದಿರಿ. ಸಾಬಣ್ಣನ ಹೆಂಡತಿ ಶರಣವ್ವ ಬೆಳಿಗ್ಗೆ ತಗಡಿನ ಮನೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಾಸ್ಟೆಲ್ಲಿನಲ್ಲಿದ್ದ ಸೊಲ್ಲಾಪುರ, ಲಾತೂರು, ದೌಂಡದ ಹುಡುಗರಿಗೆ ಆ ಸಪ್ಪಳ ಕೇಳಿ ತಡೆಯಲಿಲ್ಲ. ಮೊದಲು ಇಬ್ಬರು ಬಂದರು, ಆಮೇಲೆ ಹತ್ತು ಮಂದಿ, ಆಮೇಲೆ ಮೆಸ್ಸಿನವರೇ ಬಂದು ಕೇಳಿದರು. ಶರಣವ್ವ ಮತ್ತೆ ಏಳೆಂಟು ಹೆಂಗಸರನ್ನು ಕಲೆಹಾಕಿದಳು. ತಲೆಯ ಮೇಲಿನ ಕಲ್ಲಿನ ಬುಟ್ಟಿ ಇಳಿದು ರೊಟ್ಟಿಯ ಬುಟ್ಟಿ ಏರಿತು. ಪ್ರದೇಶಕ್ಕೆ ವಿದ್ಯಾಪೀಠದಿಂದಾದ ಲಾಭ ಅಂದರೆ ಇದೂ ಅಲ್ಲವೇ? ವಿದ್ಯಾಪೀಠಕ್ಕೆ ಪ್ರದೇಶದಿಂದಾದ ಲಾಭ ಅಂದರೂ ಇದೇ ಅಲ್ಲವೇ? ಪುಸ್ತಿಕೆಯಲ್ಲಿ ಇದಕ್ಕೊಂದು ಸಾಲು ಸಿಗಬಾರದಿತ್ತೇ…

ತೊಂಬತ್ತರ ದಶಕದ ಆರಂಭದಲ್ಲಿ ಗೋಡೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಆವರಣಕ್ಕೆ ಸುತ್ತಲೂ ಕಲ್ಲಿನ ಗೋಡೆ ಬೇಕೆಂದು ಮೇಲಿನವರು ತೀರ್ಮಾನಿಸಿದರು. ವಸ್ತಿ ಗೋಡೆಯ ಆಚೆಗೆ ಬಿತ್ತು. ಮಕ್ಕಳು ಹೋಗುವ ಮುನಿಸಿಪಾಲಿಟಿ ಶಾಲೆ, ಬಸ್ ಸ್ಟಾಪು, ರೇಷನ್ ಅಂಗಡಿ, ದವಾಖಾನೆ ಎಲ್ಲ ಆವರಣದ ಮುಂಬದಿಗೆ. ಒಳಗಿನಿಂದ ನಡೆದರೆ ಕಾಲು ಗಂಟೆಯ ಹಾದಿ. ಗೋಡೆ ಸುತ್ತಿ, ಲಾರಿಗಳು ಓಡುವ ಹೆದ್ದಾರಿಯ ಅಂಚಿನಲ್ಲಿ ನಡೆದರೆ ಗಂಟೆಗೂ ಮೇಲೆ. ಆದರೂ ಯಾರಿಗೂ ತೊಂದರೆಯಾಗಲಿಲ್ಲ. ಹಾಸ್ಟೆಲ್ಲಿನ ಹಿಂದೆ, ಗೋಡೆ ಮೂಲೆ ತಿರುಗುವಲ್ಲಿ, ಒಂದಾಳು ಓರೆಯಾಗಿ ಹಾಯುವಷ್ಟು ಸಂದಿ ಇತ್ತಲ್ಲ! ಕೆಲಸ ಅರ್ಧಕ್ಕೆ ಬಿಟ್ಟು ಮರೆತಿದ್ದಾರೆ ಎಂದು ನಾನು ತಿಳಿದೆ. ಸರ್ಕಾರಿ ಕೆಲಸ ಅಂದರೆ ಹೀಗೆಯೇ ಎಂದು ನಿಮ್ಮೆದುರೇ ಬೈದೆ. ನೀವು ಕೋಲು ಎತ್ತಿಕೊಂಡು ಮುಂದೆ ನಡೆದಿರಿ.

ಒಂದು ಬೆಳಿಗ್ಗೆ ನಿಮ್ಮ ಜೊತೆ ತಿರುಗಾಡಲು ಬಂದವನು ಆ ಸಂದಿಯ ಹತ್ತಿರ ನಿಂತಿದ್ದೆ. ಶಾಲೆಯ ಹೊತ್ತು. ಶರಣವ್ವನ ಮಗಳು ನಾಗಮ್ಮ ನೀಲಿ ಲಂಗ, ಎರಡು ಜಡೆ, ಆಚೆಯಿಂದ ಹಾಯ್ದು ಈಚೆ ನಿಂತಳು. ಶರಣವ್ವ ರೊಟ್ಟಿಯ ಬುಟ್ಟಿಯನ್ನು ಓರೆ ಮಾಡಿ ಸಂದಿಯಿಂದ ದಾಟಿಸಿ ಮಗಳ ಕೈಗೆ ಕೊಟ್ಟಳು.

"ನೆಟ್ಟಗ ಹಿಡಿಯ ನಾಗಿ, ಮುರದ್ರ ಮೆಸ್ಸಿನಾಂವ ತಗೊಳ್ಳಂಗಿಲ್ಲ."

"ನಾ ಹಿಡದೀನವ್ವ. ನೀ ಹಿಡಸ್ತಿಯೇನ್ ನೋಡ್ಕ ಆ ಸಂದ್ಯಾಗ. ಹ್ವಾದ ವರ್ಷದಕಿಂತ ದಪ್ಪ ಆಗಿದಿ."

"ನನ್ನ ದಪ್ಪಂತಿಯಾ? ಸಾಲಿ ಕಲತು ಇದನಾ ಕಲತಿ ನೀ?"

ಹಿಂದೆ ಸಾಲಾಗಿ ನಿಂತ ಹೆಂಗಸರೆಲ್ಲ ನಕ್ಕರು. ಆ ಸಂದಿಯ ಕಲ್ಲುಗಳು ಮೈ ತಾಗಿ ತಾಗಿ ಗುಡಿಯ ಹೊಸ್ತಿಲಿನ ಹಾಗೆ ನುಣುಪಾಗಿದ್ದವು. ನೀವು ಆ ಹೊತ್ತಿನಲ್ಲಿ ಬೇವಿನ ಗಿಡಕ್ಕೆ ಹುಳು ಬಿದ್ದಿದೆಯೇ ಎಂದು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಿರಿ. ನನಗೆ ಅದು ಹೊಳೆಯಲಿಲ್ಲ. ಓದಿದವರಿಗೆ ಕೆಲವು ಸಂಗತಿಗಳು ತಡವಾಗಿ ಹೊಳೆಯುತ್ತವೆ.

ಆಮೇಲೆ ಆ ಸಮಾರಂಭ. ಹೊಸ ಸಭಾಂಗಣದ ಉದ್ಘಾಟನೆಗೆ ನೀವೇ ನನಗೆ ಪಾಸು ಕೊಡಿಸಿದ್ದಿರಿ. ದೊಡ್ಡವರೊಬ್ಬರು ಮಾತಾಡಿದರು. ವಿದ್ಯಾಪೀಠದ ಬಾಗಿಲು ಸಮಾಜಕ್ಕೆ ಸದಾ ತೆರೆದಿದೆ ಎಂದರು. ಅದೇ ಹೊತ್ತಿಗೆ ಕಿಟಕಿಯಾಚೆ ಒಬ್ಬ ಮುದುಕಿ, ಕೈಯಲ್ಲಿ ಔಷಧದ ಬಾಟಲಿ ಹಿಡಿದು, ಹಿಂದಿನ ಗೋಡೆಯ ಕಡೆಗೆ ನಡೆಯುತ್ತಿದ್ದಳು. ನನ್ನ ನೆತ್ತಿಗೆ ಬೆಂಕಿ ಹತ್ತಿತು. ಮನೆಗೆ ಬಂದವನೇ ಮರಾಠಿ ಪತ್ರಿಕೆಯ ವಾಚಕರ ವಿಭಾಗಕ್ಕೆ ಪತ್ರ ಬರೆದೆ.

ಹೌದು ಕಾಕಾ. ಆ ಪತ್ರ ಬರೆದವನು ನಾನು.

ತೆರೆದ ಬಾಗಿಲಿನ ಮಾತಾಡುವ ವಿದ್ಯಾಪೀಠದಲ್ಲಿ ಸಮಾಜವೆಂಬುದು ಕಳ್ಳನ ಹಾಗೆ ಗೋಡೆಯ ಒಡಕಿನಲ್ಲಿ ಮೈ ಓರೆ ಮಾಡಿ ನುಸುಳಬೇಕೇ ಎಂದು ಕೇಳಿದೆ. ಹಾಸ್ಟೆಲ್ಲಿನ ಹಿಂದಿನ ಮೂಲೆ ಎಂದು ಜಾಗವನ್ನೂ ಸ್ಪಷ್ಟವಾಗಿ ಬರೆದೆ. ಪುರಾವೆ ಇಲ್ಲದೆ ಬರೆಯುವವನಲ್ಲವಲ್ಲ ನಾನು! ಅಲ್ಲೊಂದು ನೇರವಾದ ಬಾಗಿಲು ಬೇಕು ಎಂದೆ. ಕೊನೆಗೆ, "ವರ್ಷಗಳಿಂದ ಈ ಒಡಕನ್ನು ಕಂಡೂ ಕಾಣದಂತಿರುವ ಅಧಿಕಾರಿ ಯಾರು?" ಎಂದು ಕೇಳಿದೆ. ಆ ಸಾಲು ಬರೆದಾಗ ಎದ್ದು ನಿಂತು ಒಮ್ಮೆ ಗಟ್ಟಿಯಾಗಿ ಓದಿಕೊಂಡೆ. ಅಷ್ಟು ಚೆನ್ನಾಗಿ ಕಂಡಿತ್ತು. ಸಹಿ ಹಾಕುವಾಗ ಮಾತ್ರ ಹೆಸರು ಬರೆಯದೆ 'ಏಕ ಪುಣೇಕರ', ಒಬ್ಬ ಪುಣೆಯವ, ಎಂದು ಹಾಕಿದೆ. ಜಮಖಂಡಿಯ ಪುಣೇಕರ! ಅಣ್ಣನ ಮಗ ಬರೆದನೆಂದು ಗೊತ್ತಾದರೆ ನಿಮ್ಮ ನೌಕರಿಗೆ ತೊಂದರೆಯಾದೀತು ಎಂಬ ಎಚ್ಚರ. ಎಂಥ ಎಚ್ಚರ ನೋಡಿ.

ಪತ್ರ ಅಚ್ಚಾದ ನಾಲ್ಕನೆಯ ದಿನ ಸಂದಿ ಮುಚ್ಚಿತು. ಬಾಗಿಲು ಕೇಳಿದವನಿಗೆ ಕಲ್ಲು ಸಿಕ್ಕಿತು. ಮೇಲಿನವರು ಜೀಪಿನಲ್ಲಿ ಬಂದು ನೋಡಿದರು, ಗೋಡೆಯ ನಕಾಶೆ ತರಿಸಿದರು, ನಕಾಶೆಯಲ್ಲಿ ಗೋಡೆ ಪೂರ್ತಿ ಇತ್ತು. ನಿಮ್ಮ ತಪಾಸಣೆಯ ವಹಿಯಲ್ಲಿ ಮಾತ್ರ ಆ ಮೂಲೆಗೆ ಪ್ರತಿ ವರ್ಷವೂ "ದುರಸ್ತಿ ಬಾಕಿ" ಎಂದು ಬರೆದಿತ್ತು. ಪ್ರತಿ ವರ್ಷ, ಅದೇ ಅಕ್ಷರ, ಅದೇ ಶಾಯಿ. ಒಂದು ಮೂಲೆಯ ದುರಸ್ತಿ ಇಷ್ಟು ವರ್ಷ ಯಾಕೆ ಬಾಕಿ ಎಂದು ನಿಮಗೆ ಮೆಮೊ ಬಂತು. ನಿಮ್ಮನ್ನು ಕಟ್ಟಡದ ಕೆಲಸದಿಂದ ತೆಗೆದು ಪಂಪ್‌ಹೌಸಿಗೆ ಹಾಕಿದರು. ನಿವೃತ್ತಿಗೆ ಇನ್ನು ಎರಡು ವರ್ಷ ಇತ್ತು. ಸಂದಿಗೆ ಕಲ್ಲು ಕೂಡಿಸಲು ಕರೆದದ್ದು ಯಾರನ್ನು? ಸಾಬಣ್ಣನನ್ನೇ. ಅವನಷ್ಟು ಬಿಗಿಯಾಗಿ ಕಲ್ಲು ಕೂಡಿಸುವ ಗವಂಡಿ ಆ ಸುತ್ತಿನಲ್ಲಿ ಇನ್ನೊಬ್ಬನಿರಲಿಲ್ಲ.

ಆ ಭಾನುವಾರ ನೀವು ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದಿರಿ. ಕನ್ನಡಕ ಏರಿಸಿ ನನಗೇ ಓದಿ ತೋರಿಸಿದಿರಿ.

"ಭಾಳ ಚಂದ ಮರಾಠಿ ಅದ ನೋಡಪಾ ವಸಂತ. ಯಾರೋ ಓದಿದಾಂವ ಇರಬೇಕು."

ನಾನು, "ಇರಬಹುದ್ರಿ ಕಾಕಾ" ಅಂದೆ.

"ಸಿಟ್ಟೂ ಅದ, ನ್ಯಾಯಾನೂ ಅದ. ತಪ್ಪೇನಿಲ್ಲ ಇದರಾಗ." ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡಿರಿ. "ಅವಲಕ್ಕಿಗೆ ಇನ್ನೊಂದಿಷ್ಟು ಶೇಂಗಾ ಹಾಕ್ಕೋ."

ನನ್ನ ಮುಖವನ್ನು ನೀವು ನೋಡಲಿಲ್ಲವೋ, ನೋಡಬಾರದು ಎಂದುಕೊಂಡಿರೋ… ಎಷ್ಟು ವರ್ಷ ಈ ಪ್ರಶ್ನೆ ನನ್ನನ್ನು ತಿಂದಿತು ಗೊತ್ತೇ?

ಆ ಜೂನಿನಲ್ಲಿ ಶಾಲೆ ತೆರೆದಾಗ ನಾಗಮ್ಮ ಹೋಗಲಿಲ್ಲ. ಏಳನೆಯ ತರಗತಿಯಲ್ಲಿದ್ದಳು. ಗಂಡುಹುಡುಗರು ಹೆದ್ದಾರಿ ಹಿಡಿದು ನಡೆದರು. ಹೆಣ್ಣುಮಕ್ಕಳಲ್ಲಿ ನಾಗಮ್ಮನೂ ಇನ್ನಿಬ್ಬರೂ ಮನೆಯಲ್ಲಿ ಉಳಿದರು. "ಲಾರಿ ಡ್ರೈವರಗೋಳ ಬಾಯಾಗ ಹಾಯ್ಸಿ ಹೆಣ್ಣಹುಡುಗಿನ ಹ್ಯಾಂಗ ಕಳಸ್ಲ್ರೀ?" ಎಂದು ಶರಣವ್ವ ನಿಮ್ಮನ್ನು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ನೀವು ಎರಡು ಸಲ ಅವಳಿಗೆ ಪುಸ್ತಕ ಒಯ್ದು ಕೊಟ್ಟಿರಿ. ಅವಳು ತಾಯಿಯ ಪಕ್ಕ ಕೂತು ರೊಟ್ಟಿ ಬಡಿದಳು. ರೊಟ್ಟಿ ಈಗ ಸಿಕ್ಸ್ ಸೀಟರ್ ರಿಕ್ಷಾ ಹತ್ತಿ, ಗೋಡೆಯನ್ನು ಪೂರ್ತಿ ಸುತ್ತಿ ಮುಂಬಾಗಿಲಿನಿಂದ ಒಳಗೆ ಹೋಗುತ್ತಿತ್ತು. ಅರ್ಧ ದಾರಿಯಲ್ಲೇ ಚೂರಾಗುತ್ತಿತ್ತು. ಮೂರನೆಯ ವರ್ಷ ನಾಗಮ್ಮನನ್ನು ವಾಡಿಯ ಕಡೆಗೆ ಕೊಟ್ಟರು. ಮದುವೆಗೆ ನಾನೂ ಹೋಗಿದ್ದೆ. ಅಕ್ಷತೆ ಹಾಕುವಾಗ ಆ ಹುಡುಗಿ ನನ್ನನ್ನು ನೋಡಿ ನಕ್ಕಳು. ಅವಳಿಗೆ ಏನು ಗೊತ್ತು?

ನಿಮ್ಮ ನಿವೃತ್ತಿಯ ನಂತರದ ಒಂದು ಬೆಳಿಗ್ಗೆ, ಮುಂಬಾಗಿಲಿನ ಎದುರಿನ ಹೊಸ ಮನೆಯ ಕಟ್ಟೆಯಲ್ಲಿ ಕೂತು, ನೀವಾಗಿಯೇ ಹೇಳಿದಿರಿ. ಗೋಡೆ ಏರುತ್ತಿದ್ದಾಗ ಸಾಬಣ್ಣ ಆ ಮೂಲೆಯಲ್ಲಿ ಕಲ್ಲು ಹಿಡಿದು ನಿಂತು, "ಸಾಹೇಬ್ರ, ಇಲ್ಲಿ ಒಂದಾಳ ಹಾಯೂವಷ್ಟು ಬಿಡಲೇನ್ರಿ?" ಎಂದು ಕೇಳಿದನಂತೆ. "ಗ್ವಾಡಿ ಕಟ್ಟಾಕ ಬಂದಾಂವ ತನ್ನ ಮನೀಗೆ ಹಾದಿ ಕೇಳ್ತಾನ. ಏನ್ ಹೇಳಬೇಕು ಹೇಳು?" ನೀವು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ತಿರುಗಿ ಚಹಾ ಕುಡಿಯಲು ಹೋದಿರಿ. ಬರುವಷ್ಟರಲ್ಲಿ ಅವನು ಅಷ್ಟು ಸಂದಿ ಬಿಟ್ಟು ಆಚೆಯ ಕಲ್ಲು ಕೂಡಿಸಿದ್ದ. ಆ ದಿನವೂ ನನಗೆ ಬಾಯಿ ಬರಲಿಲ್ಲ. ಬದಲಿಗೆ, ಬಾಗಿಲು ಬೇಕೆಂದು ನಾನು ಬರೆದ ಅರ್ಜಿಯನ್ನು ತೋರಿಸಿದೆ. ಈಗಿನ ಅರ್ಜಿಗೆ ಹೆಸರು, ವಿಳಾಸ ಎಲ್ಲ ಇತ್ತು.

ನೀವು ಓದಿ, "ಬಾಗಲಾ ಬಂದ್ರ ಕೀಲಿನೂ ಬರ್ತದ ತಮ್ಮಾ" ಅಂದಿರಿ.

"ಕೀಲಿ ಬಂದರೂ ಚಿಂತಿಲ್ರಿ. ಹಕ್ಕಿನಿಂದ ಹೋಗಬೇಕು, ಕಳ್ಳತನದಿಂದ ಅಲ್ಲ."

"ಹಕ್ಕಿನಿಂದ ಹೋಗಲಿ ಬಿಡು. ಆದರ ಮದಲ ಹೋಗಲಿ."

ಈ ಜಗಳ ನಮ್ಮಿಬ್ಬರಲ್ಲಿ ಮುಗಿಯಲೇ ಇಲ್ಲ. ಒಬ್ಬ ಒಳ್ಳೆಯ ಮನುಷ್ಯನ ಮೌನದ ಮೇಲೆ ಒಂದು ಊರಿನ ಹಾದಿ ನಿಂತಿರಬಾರದು, ಆ ಮನುಷ್ಯನ ವರ್ಗವಾದರೆ ಏನು ಗತಿ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ನಾನು ಹೀಗೆ ಸರಿಯಾಗಿರುತ್ತಿದ್ದ ಅಷ್ಟೂ ವರ್ಷ ಗೋಡೆ ಸುತ್ತಿ ನಡೆದವರು ವಸ್ತಿಯವರು.

ನೀವು ತೀರಿಕೊಂಡ ದಿನದ ಸಂಗತಿಯೊಂದು ನಿಮಗೆ ತಿಳಿದಿಲ್ಲ. ವಸ್ತಿಗೆ ಸುದ್ದಿ ಹೋದದ್ದು ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಸಾಬಣ್ಣ, ಶರಣವ್ವ, ಹೆಂಗಸರು, ಮುದುಕರು, ಎಲ್ಲರೂ ಕೆಲಸ ಬಿಟ್ಟು ಹೊರಟರು. ಆವರಣದೊಳಗಿನಿಂದ ಕಾಲು ಗಂಟೆಯ ಹಾದಿ ಎಂದು ಹೇಳಿದೆನಲ್ಲ… ಅಷ್ಟು ಮಂದಿಗೆ ರಿಕ್ಷಾ ಸಿಗದೆ ಅವರು ಗೋಡೆ ಸುತ್ತಿ ನಡೆದು ಬಂದರು. ಮುದುಕರಿದ್ದರು, ನಿಧಾನವಾಯಿತು. ಅವರು ನಿಮ್ಮ ಮನೆಯ ಮುಂದೆ ಬಂದು ನಿಲ್ಲುವ ಹೊತ್ತಿಗೆ ನಾವು ನಿಮ್ಮನ್ನು ತೆಗೆದುಕೊಂಡು ಹೋಗಿದ್ದೆವು. ಖಾಲಿ ಅಂಗಳದಲ್ಲಿ ಕಾಕು ಒಬ್ಬಳೇ ಅವರಿಗೆ ನೀರು ಕೊಟ್ಟಳಂತೆ. ಸಾಬಣ್ಣ ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ, ಮತ್ತೆ ಗೋಡೆ ಸುತ್ತಿಕೊಂಡು ಮನೆಗೆ ಹೋದ. ಇದನ್ನು ಕಾಕು ಹೇಳಿದಾಗ ನಾನು ಎದ್ದು ಹಿತ್ತಲಿಗೆ ಹೋದೆ.

ಆ ರಸ್ತೆಯಲ್ಲಿ ಸಿಕ್ಸ್ ಸೀಟರ್ ರಿಕ್ಷಾಗಳನ್ನು ನಿಲ್ಲಿಸಿದ ಸುದ್ದಿಯೂ ನಿಮಗೆ ಗೊತ್ತಿಲ್ಲ. ನೀವು ಹೋಗಿ ಕೆಲವು ವರ್ಷಗಳಾಗಿದ್ದವು. ರಿಕ್ಷಾ ನಿಂತಿತು, ರೊಟ್ಟಿಯೂ ನಿಂತಿತು. ಬುಟ್ಟಿ ಹೊತ್ತು ಹೆದ್ದಾರಿ ಸುತ್ತಲು ಯಾರಿಂದ ಸಾಧ್ಯ? ಅಲ್ಲಿಯವರೆಗೆ ನಾನು ಬರೆದ ಅರ್ಜಿಗಳಿಗೆ "ನಿಮ್ಮ ಪತ್ರ ತಲುಪಿದೆ" ಎಂಬ ಒಂದೇ ಉತ್ತರ ಬರುತ್ತಿತ್ತು. ಸಂವಿಧಾನ ಬರೆದೆ, ಶಿಕ್ಷಣದ ಹಕ್ಕು ಬರೆದೆ, ಸಂತರ ವಚನ ಅಭಂಗಗಳ ಸಾರವನ್ನೂ ಬರೆದೆ. ಗೋಡೆ ಅಲುಗಲಿಲ್ಲ. ಅದನ್ನು ಅಲುಗಿಸಿದ್ದು ಏನು ಗೊತ್ತೇ ಕಾಕಾ? ಹಸಿವು. ಅದೂ ಒಳಗಿನವರ ಹಸಿವು!

ಹಾಸ್ಟೆಲ್ಲಿನ ಹುಡುಗರು ಹದಿನೈದು ದಿನ ಮೆಸ್ಸಿನ ಚಪಾತಿ ತಿಂದರು. ಹದಿನಾರನೆಯ ಮಧ್ಯಾಹ್ನ ಎಲ್ಲರೂ ತಾಟು ಬೋರಲು ಹಾಕಿ ಕೂತರು. "ಭಾಕರಿ ದ್ಯಾ!" ಎಂದು ಮೇಜು ಬಡಿದರು. ರೊಟ್ಟಿ ಕೊಡಿ, ಅಷ್ಟೇ. ಬೇರೆ ಯಾವ ಬೇಡಿಕೆಯೂ ಇಲ್ಲ. ಮೇಲಿನವರು ಓಡಿ ಬಂದರು. ರೊಟ್ಟಿ ಯಾಕೆ ಬರುತ್ತಿಲ್ಲ? ಹಾದಿ ಇಲ್ಲ. ಹಾದಿ ಯಾಕಿಲ್ಲ? ಗೋಡೆ ಇದೆ. ಗೋಡೆಯಾಚೆ ರೊಟ್ಟಿ ಮಾಡುವವರು ಎಷ್ಟು ದೂರ? ನೂರು ಹೆಜ್ಜೆ. ಒಬ್ಬ ಲಾತೂರಿನ ಹುಡುಗ, "ಸಾಹೇಬ, ವಾಸ ಯೇತೋ, ಭಾಕರೀ ಯೇತ ನಾಹೀ" ಅಂದನಂತೆ. ವಾಸನೆ ಬರುತ್ತದೆ, ರೊಟ್ಟಿ ಬರುವುದಿಲ್ಲ. ನನ್ನ ಅಷ್ಟೂ ಅರ್ಜಿಗಳಲ್ಲಿ ಇಂಥ ಒಂದು ಸಾಲು ಇರಲಿಲ್ಲ. ಎರಡು ವಾರದೊಳಗೆ ಗೋಡೆ ಒಡೆದು ಕಬ್ಬಿಣದ ಬಾಗಿಲು ಕೂಡಿಸಿದರು.

ಹೌದು, ಬಾಗಿಲು ಬಂತು. ಬುಟ್ಟಿ ಹೊತ್ತ ಹೆಂಗಸು ನೆಟ್ಟಗೆ ನಡೆದು ಬರುವಷ್ಟು ಅಗಲ ಇದೆ. ಮೊದಲ ದಿನ ಹೋಗಿ ನೋಡಿದೆ. ಶಾಲೆಯ ಅಂಗಿ ತೊಟ್ಟ ಮಕ್ಕಳನ್ನು ಕಾವಲುಗಾರ ಏನೂ ಕೇಳದೆ ಬಿಡುತ್ತಾನೆ. ಆ ವರ್ಷ ಹೆಣ್ಣುಮಕ್ಕಳು ಮತ್ತೆ ಶಾಲೆಗೆ ಹೊರಟರು. ನಾಗಮ್ಮನ ಓರಗೆಯವರಲ್ಲ, ಅವರಿಗಿಂತ ಎಷ್ಟೋ ಚಿಕ್ಕವರು. ಕಳೆದುಹೋದ ವರ್ಷಗಳ ಹುಡುಗಿಯರು ಯಾವ ಬಾಗಿಲಿನಿಂದ ಬರಬೇಕು? ನೀವು ಹೇಳಿದ ಕೀಲಿಯೂ ಬಂತು. ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ, ಸಂಜೆ ಏಳಕ್ಕೆ ಮುಚ್ಚುತ್ತದೆ. ಭಾನುವಾರ ಮತ್ತು ರಜಾದಿನ ಪೂರ್ತಿ ಬಂದ್. ಭಾನುವಾರ ಯಾರಿಗಾದರೂ ಹೆರಿಗೆ ನೋವು ಬಂದರೆ ಹೆದ್ದಾರಿಯೇ ಗತಿ. ಹುಡುಗರಿಗೂ ಭಾನುವಾರ ರೊಟ್ಟಿ ಇಲ್ಲ.

ಹಾಗಾಗಿ ಮೊನ್ನೆ, ಆ ಪುಸ್ತಿಕೆ ಓದಿದ ಸಿಟ್ಟಿನಲ್ಲೇ, ಭಾನುವಾರವೂ ಬಾಗಿಲು ತೆರೆದಿಡಬೇಕೆಂದು ಪತ್ರಿಕೆಗೊಂದು ಪತ್ರ ಬರೆದೆ. ಲಕೋಟೆಗೆ ಹಾಕಿ ಅಂಟಿಸುವ ಮೊದಲು ಏಕೋ ಕೈ ನಿಂತಿತು. ಈ ಬಾಗಿಲಿನಿಂದ ಹಾಯುವವರು ವಸ್ತಿಯವರು, ನಾನಲ್ಲ. ಶನಿವಾರ ಮಧ್ಯಾಹ್ನ ವಸ್ತಿಗೆ ಹೋದೆ. ಶರಣವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಪೂರ್ತಿ ಓದಿದೆ. ಇಷ್ಟು ವರ್ಷ ಪುಣೆಯಲ್ಲಿದ್ದವಳು, ಅವಳಿಗೆ ಮರಾಠಿ ನನ್ನಷ್ಟೇ ಬರುತ್ತದೆ. 'ಬಿಚಾರಿ ಹೆಂಗಸರು', ಪಾಪದ ಹೆಂಗಸರು, ಎಂಬಲ್ಲಿಗೆ ಬಂದಾಗ ಕೈ ಎತ್ತಿದಳು.

"ಬಿಚಾರಿ ಯಾರ್ರಿ ಅಣ್ಣಾರ ಇಲ್ಲಿ? ನಾಳಿಗಿ ಒಂದಿನ ನಾವು ರೊಟ್ಟಿ ಮಾಡಲಿಲ್ಲಂದ್ರ ಗೊತ್ತಾಗ್ತದ ಬಿಚಾರಿ ಯಾರಂತ. ತಗೀರಿ ಅದನ್ನ."

ಆ ಶಬ್ದವನ್ನು ಹೊಡೆದು ಹಾಕಿದೆ. ಆಮೇಲೆ, ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿ, ಹೇಳಿದೆ: "ಶರಣವ್ವಾ, ಸಂದಿ ಮುಚ್ಚಿಸಿದ ಆ ಹಿಂದಿನ ಪತ್ರಾನೂ ನಾನೇ ಬರದದ್ದು."

ಅವಳ ಕೈ ನಿಲ್ಲಲಿಲ್ಲ. "ಗೊತ್ತದ್ರಿ."

"ಯಾರು ಹೇಳಿದ್ರು?"

"ನಿಮ್ಮ ಕಾಕಾನವ್ರು. ಸಂದಿ ಮುಚ್ಚಿದ ವಾರದಾಗ ಬಂದಿದ್ರು. 'ನಮ್ಮ ಹುಡುಗ ಬರದಾನ, ಅವನ ಅಕ್ಷರ ನನಗ ಗೊತ್ತಾಗ್ತದ. ಸಿಟ್ಟ ಆಗಬ್ಯಾಡ್ರಿ, ಮನಸ ಚಲೋ ಅದ ಅವಂದು' ಅಂದ್ರು. ನಾ ಅಂದೆ, ಮನಸ ಚಲೋ ಇದ್ದಾಂವ ಒಂದಿನ ಬಂದು ನಮ್ಮನ್ನ ಕೇಳಬಾರದಿತ್ತೇನ್ರಿ ಅಂತ."

"ಅದಕ್ಕ ಕಾಕಾ ಏನಂದ್ರು?"

"ಚಾ ಕುಡದ್ರು, ಹೋದ್ರು." ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. "ನಾ ಮರತೀನಂತ ತಿಳಕೋಬ್ಯಾಡ್ರಿ ಮತ್ತ. ನಾಗಿ ಏಳನೇದಾಗ ಸಾಲಿ ಬಿಟ್ಟಾಳ. ಅದನ್ನ ನಾ ಮರ್ಯಾಂಗಿಲ್ಲ."

"ಹೌದು" ಅಂದೆ. ಕಾಕಾ, ಅಚ್ಚಿನ ಅಕ್ಷರದಲ್ಲೂ ನನ್ನ ಅಕ್ಷರವನ್ನು ಗುರುತಿಸಿದ್ದಿರಿ ನೀವು. ಗುರುತಿಸಿ, ನನಗೆ ಶೇಂಗಾ ಹಾಕಿಕೋ ಅಂದಿರಿ. ನನ್ನ ಪರವಾಗಿ ಆ ತಗಡಿನ ಮನೆಯ ಮುಂದೆ ಹೋಗಿ ಕೂತು ಬೈಗುಳ ಕೇಳಿಸಿಕೊಂಡಿರಿ. ಯಾಕೆ ನನ್ನನ್ನೇ ಕಿವಿ ಹಿಂಡಿ ಕರೆದುಕೊಂಡು ಹೋಗಲಿಲ್ಲ? ನಾನೇ ಹೋಗಲಿ ಎಂದು ಕಾಯುತ್ತಿದ್ದಿರೇ? ಅಷ್ಟು ಭಾನುವಾರಗಳೂ…

ಶರಣವ್ವ ಕೈ ತೊಳೆದು ಬಂದು ಪತ್ರವನ್ನು ನನ್ನಿಂದ ಇಸಿದುಕೊಂಡಳು. ಈಗಲೇ ಕಳಿಸಬಾರದಂತೆ. ಪರೀಕ್ಷೆಯ ಹೊತ್ತಿನಲ್ಲಿ ಹುಡುಗರು ಯಾವುದಕ್ಕೂ ಬರುವುದಿಲ್ಲ, ಸಾಹೇಬರು ಸಿಟ್ಟಿನಲ್ಲಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ, ಹುಡುಗರು ಊರಿಗೆ ಹೋಗುವ ಮೊದಲು, ಮಧ್ಯೆ ನಾಲ್ಕು ದಿನ ಸಿಗುತ್ತವೆ. ಆಗ ಮೊದಲು ಮೆಸ್ಸಿನಲ್ಲಿ ಅವರಿಗೆ ಓದಿ ತೋರಿಸಬೇಕು, ಅವರು ಸಹಿ ಮಾಡಬೇಕು, ಕೆಳಗೆ ವಸ್ತಿಯವರದು. ಪತ್ರಿಕೆಗೆ ಕೊಡಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡೋಣ ಅಂದಳು. "ನಾ ಹೇಳಿ ಕಳಸ್ತೀನ್ರಿ. ಅಲ್ಲಿತನಕ ಸುಮ್ಮನಿರ್ರಿ. ಆಗ್ತದೇನ್ ನಿಮ್ಮ ಕೈಲೆ?"

ಆಗುತ್ತದೆ ಅಂದೆ. ಪತ್ರ ಅವಳ ಹಿಟ್ಟಿನ ಡಬ್ಬದ ಹಿಂದೆ ಇದೆ. ನಾನು ಇನ್ನೊಂದು ಪ್ರತಿ ಇಟ್ಟುಕೊಂಡಿಲ್ಲ.

ನಿಮ್ಮ
ವಸಂತ